ಅಲ್ಲಾಡಬೇಡ ಕಣೋ

ಹೋದ ವರ್ಷ ದಸರಾ ಮುಗಿದು, ಗೊಂಬೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಟ್ಟ ವಾರ ನಡೆದದ್ದು ಇದು. ಶನಿವಾರ ಮಧ್ಯಾಹ್ನ. ಅಮೆರಿಕದ ಸಿಯಾಟಲ್ ಹತ್ತಿರ ಮಿಲ್ ಕ್ರೀಕ್ ಎಂಬ ಊರಿನಲ್ಲಿ ನನ್ನ ಮಗಳು ಸವಿತಾಳ ಮನೆ ಇದೆ. ನಾನು ಅಲ್ಲೇ ಇರುತ್ತೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಇದರಲ್ಲಿ ಕಾಗುಣಿತ ತಿದ್ದಿದ್ದು ಮಗಳು. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಮೊದಲು ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಜನರಲ್ಲಿ ಅತ್ತೆಯಾದವಳು ಅಳಿಯನ ಎದುರು ಕಾಲು ಚಾಚಿ ಕೂರುವುದಿಲ್ಲ. ಕೈಗೆ ಕೈ ತಾಗುವ ಹಾಗೆ ಏನನ್ನೂ ಕೊಡುವುದಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಮಗಳನ್ನು ಕೂಗಿ ಹೇಳುತ್ತೇವೆ. ಮಾತಾಡಿದರೂ ಬಹುವಚನ. ಅದು ಸರಿಯೋ ತಪ್ಪೋ ನಾನು ಯೋಚಿಸಿದವಳಲ್ಲ. ನಮ್ಮವ್ವ ಹಾಗಿದ್ದಳು, ನಾನೂ ಹಾಗೇ ಇದ್ದೆ. ಅಳಿಯ ನಾಗೇಂದ್ರ ಅವರದು ಹತ್ತಿರದ ನಾರ್ತ್ ಕ್ರೀಕಿನಲ್ಲಿ ಕಂಪ್ಯೂಟರ್ ಕೆಲಸ. ಒಳ್ಳೆಯ ಮನುಷ್ಯ. ಒಂದೇ ಮನೆಯಲ್ಲಿದ್ದರೂ ನಾವಿಬ್ಬರು ಆಡುತ್ತಿದ್ದ ಮಾತು, ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ. ಮದುವೆಯಲ್ಲಿ ಧಾರೆ ಎರೆದಾಗಲೂ ನೀರು ಬಿಟ್ಟದ್ದು ನಾನು, ಬೆರಳು ತಾಗಿಸಿರಲಿಲ್ಲ.

ಆ ಶನಿವಾರ ಅಳಿಯಂದಿರ ಗೆಳೆಯರು ನಾಲ್ಕೈದು ಜನ ಮನೆಗೆ ಬಂದಿದ್ದರು. ತೊಂಬತ್ತರ ದಶಕದ ಪಾರ್ಟಿಯಂತೆ. ಎಲ್ಲರೂ ಮೈಸೂರು, ಬೆಂಗಳೂರು, ಮಂಡ್ಯದ ಕಡೆಯವರು, ತಲೆ ನೆರೆಯುತ್ತಿರುವವರು. ಮಕ್ಕಳನ್ನು ಮಹಡಿಗೆ ಅಟ್ಟಿ, ಕಾರುಗಳನ್ನು ರಸ್ತೆಗೆ ತೆಗೆದು, ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಆಗಿನ ಜಾಹೀರಾತಿನ ಹಾಡು ಹೇಳುವುದು, ಮಹಡಿ ಹತ್ತಿ ಆಂಟೆನಾ ತಿರುಗಿಸಿದ್ದು, ಕ್ಯಾಸೆಟ್ಟಿನ ರೀಲಿಗೆ ಪೆನ್ಸಿಲ್ ಹಾಕಿ ಸುತ್ತಿದ್ದು, ಇದೇ ಮಾತು. ಯಾರೋ ಒಬ್ಬ ಕುಸ್ತಿ ಕಾರ್ಡುಗಳನ್ನು ಹೊಸದಾಗಿ ಪ್ರಿಂಟ್ ಮಾಡಿಸಿಕೊಂಡು ಬಂದಿದ್ದ. ಟೀವಿಯಲ್ಲಿ ಬರುತ್ತಿದ್ದ ಫಾರಿನ್ ಕುಸ್ತಿಯವರ ಫೋಟೋ, ಕೆಳಗೆ ಅವರ ಎತ್ತರ, ತೂಕ. ಒಬ್ಬ ತೂಕ ಕೂಗಬೇಕು, ಎದುರಿನವನದು ಕಡಿಮೆ ಇದ್ದರೆ ಅವನ ಕಾರ್ಡು ಇವನಿಗೆ. ಮಕ್ಕಳಾಗಿದ್ದಾಗ ಕಿತ್ತಾಡಿದ ಹಾಗೇ ಈಗಲೂ ಕಿತ್ತಾಡುತ್ತಿದ್ದರು.

ನಾನು ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ. ಗ್ಯಾರೇಜಿನ ಬಾಗಿಲು ಅಡುಗೆಮನೆಗೇ ತೆರೆಯುವುದರಿಂದ ಎಲ್ಲ ಕೇಳುತ್ತಿತ್ತು. ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಆ ಕುಸ್ತಿಯನ್ನು ಅವರೆಲ್ಲರಿಗಿಂತ ಹೆಚ್ಚು ನೋಡಿದವಳು ನಾನು. ಮೈಸೂರಿನಲ್ಲಿ ನಾವಿದ್ದ ವಠಾರದಲ್ಲಿ ಓನರ್ ಮನೆಗೆ ಮಾತ್ರ ಕೇಬಲ್ ಇತ್ತು. ಸಂಜೆ ಕಡ್ಡಿಕಟ್ಟು, ಮಣೆ, ಕಲಸಿದ ಮಸಾಲೆ ಎತ್ತಿಕೊಂಡು ಹೋಗಿ ಅವರ ಹಜಾರದಲ್ಲಿ ಕುಳಿತು ಗಂಧದಕಡ್ಡಿ ಹೊಸೆಯುತ್ತಿದ್ದೆ. ಆ ಕೆಲಸಕ್ಕೆ ಕೈ ಸಾಕು, ಕಣ್ಣು ಬೇಕಾಗಿಲ್ಲ. ಕಣ್ಣು ಟೀವಿಯ ಮೇಲೆ. ಆ ಪೈಲ್ವಾನರ ಇಂಗ್ಲಿಷ್ ಹೆಸರು ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಮೈತುಂಬ ಕೂದಲಿದ್ದ ದಡಿಯನನ್ನು ಕರಡಿ ಅನ್ನುತ್ತಿದ್ದೆವು. ತೆಳ್ಳಗೆ, ಹಳದಿ ಕೂದಲು ಬಿಟ್ಟಿದ್ದವನು ಜೋಳದ ತೆನೆ. ನಾನು ಕರಡಿಯ ಕಡೆ. ವಠಾರದ ಹುಡುಗರೆಲ್ಲ ತೆನೆಯ ಕಡೆ.

ಗ್ಯಾರೇಜಿನಲ್ಲಿ ಜಗಳ ಬೇರೆ ಕಡೆ ತಿರುಗಿತು. ಅದೆಲ್ಲ ನಿಜವೋ ನಾಟಕವೋ ಅಂತ. ಅಳಿಯಂದಿರು ಪೂರಾ ನಾಟಕ, ಮೊದಲೇ ಮಾತಾಡಿಕೊಂಡು ಬೀಳುತ್ತಾರೆ ಅಂದರು. ಸಿಯಾಟಲ್ ಆಚೆಯ ಕೆಂಟಿನಿಂದ ಬಂದಿದ್ದ ಮುರಳಿ ಒಪ್ಪಲಿಲ್ಲ. ಮುರಳಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ, ಆನೆಯಂಥ ಆಳು. ಅವತ್ತು ಕುಸ್ತಿಯವನ ವೇಷ ಬೇರೆ. ಬೆನ್ನಿಗೆ ಟವೆಲ್ಲು ಕಟ್ಟಿಕೊಂಡು, ನಾನು ಅರಿಶಿನಕ್ಕೆ ಸುಣ್ಣ ಹಾಕಿ ಆರತಿಗೆಂದು ಕಲಸಿದ್ದ ಓಕುಳಿಯನ್ನು ರಕ್ತದ ಹಾಗೆ ಹಣೆಯಿಂದ ಕೆನ್ನೆಗೆ ಇಳಿಬಿಟ್ಟುಕೊಂಡಿದ್ದ. ನಾನು ಬೈದಿದ್ದೆ. ನಕ್ಕು ಹೋಗಿದ್ದ.

“ನಾಟಕ ಆದ್ರೆ ಬಾ ಗುರು, ಎತ್ತಿ ಹಾಕ್ತೀನಿ. ಎದ್ದು ತೋರ್ಸು” ಅಂದ.

“ಎತ್ತು, ನೋಡೇಬಿಡೋಣ” ಅಂದರು ಅಳಿಯಂದಿರು.

ಅತಿಥಿಗಳಿಗೆಂದು ಇಟ್ಟಿದ್ದ ಮಡಚುವ ಹಾಸಿಗೆಯನ್ನು ತಂದು ನೆಲಕ್ಕೆ ಹಾಸಿದರು. ಗ್ಯಾರೇಜಿನ ನೆಲ ಸಿಮೆಂಟು, ಹಾಸಿಗೆ ಜಾರುತ್ತದೆ. ಅದು ಯಾರ ತಲೆಗೂ ಹೊಳೆಯಲಿಲ್ಲ. ನಾನು ಬಜ್ಜಿ ತಟ್ಟೆ ಹಿಡಿದು ಬಾಗಿಲಿಗೆ ಬರುವ ಹೊತ್ತಿಗೆ ಮುರಳಿ ಅವರನ್ನು ಅಡ್ಡಡ್ಡ ಎತ್ತಿ ಹೆಗಲ ಮೇಲಿಟ್ಟುಕೊಂಡಿದ್ದ. ಒಂದು ಸುತ್ತು ತಿರುಗಿದ. ಅವನ ಕಾಲು ಹಾಸಿಗೆಯ ಅಂಚಿಗೆ ತಗುಲಿತು, ಹಾಸಿಗೆ ಜರುಗಿತು, ಅಳಿಯಂದಿರು ತಲೆ ಕೆಳಗಾಗಿ ಬಿದ್ದರು. ಮೈ ಹಾಸಿಗೆಯ ಮೇಲೆ, ತಲೆ ಸಿಮೆಂಟಿಗೆ. ತೆಂಗಿನಕಾಯಿ ಕೈತಪ್ಪಿ ಬಿದ್ದಂಥ ಸದ್ದು.

ಒಬ್ಬ ಓಡಿಹೋಗಿ ಪಕ್ಕದಲ್ಲಿ ಬೋರಲು ಬಿದ್ದು ಕುಸ್ತಿಯ ರೆಫರಿಯ ಹಾಗೆ ನೆಲಕ್ಕೆ ಅಂಗೈ ಬಡಿದು ಎಣಿಸಿದ. ಒಂದು, ಎರಡು, ಮೂರು. ಎಲ್ಲರೂ ಚಪ್ಪಾಳೆ ಹೊಡೆದರು. ಇನ್ನೊಬ್ಬ ಫೋನಿನಲ್ಲಿ ವಿಡಿಯೋ ತೆಗೆಯುತ್ತ ಸೂಪರ್ ಆಕ್ಟಿಂಗ್ ಅಂದ.

ಟೀವಿಯಲ್ಲಿ ಕರಡಿಯ ಕೈಯಲ್ಲಿ ಬಿದ್ದವರೆಲ್ಲ ಕಾಲು ಒದರುತ್ತಿದ್ದರು, ನೆಲ ಪರಚುತ್ತಿದ್ದರು. ಅಳಿಯಂದಿರು ಏನೂ ಮಾಡಲಿಲ್ಲ. ಕಣ್ಣು ಮಾತ್ರ ಆ ಕಡೆ ಈ ಕಡೆ ಓಡುತ್ತಿತ್ತು. ಮೈ ಬೇರೆಯವರದು, ಕಣ್ಣು ಮಾತ್ರ ಅವರದು ಅನ್ನುವ ಹಾಗೆ.

“ಕೈ ಗೊತ್ತಾಗ್ತಿಲ್ಲ” ಅಂದರು. ಗಟ್ಟಿಯಾಗೇನೂ ಅನ್ನಲಿಲ್ಲ. ನಗುವವರಿಗೆ ಕೇಳಿಸಲಿಲ್ಲ.

ಮುರಳಿಗೆ ಕೇಳಿಸಿತು. ಅವನ ಮುಖ ಇಳಿಯಿತು. ಉಳುಕಿರುತ್ತೆ, ಅಷ್ಟೇ, ಈಗ ಸರಿ ಮಾಡ್ತೀನಿ ಅಂತ ಮೊಣಕಾಲೂರಿ ಕುಳಿತ. ನಮ್ಮೂರ ಕಡೆ ಕಟಿಂಗ್ ಮುಗಿದ ಮೇಲೆ ಸಲೂನಿನವರು ಗಲ್ಲ, ತಲೆ ಎರಡನ್ನೂ ಹಿಡಿದು ಕತ್ತನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ತಿರುಗಿಸಿ ನೆಟಿಕೆ ತೆಗೆಯುವುದಿಲ್ಲವೇ, ಅದು. ಚಿಕ್ಕಂದಿನಿಂದ ಎಲ್ಲರಿಗೂ ತೆಗೆಸಿ ಗೊತ್ತು. ಗೆಳೆಯರೂ ಹೌದು ಹೌದು, ಟಕ್ ಅನಿಸಿಬಿಡು, ಸರಿಹೋಗುತ್ತೆ ಅಂದರು. ಮುರಳಿಯ ಒಂದು ಕೈ ಗಲ್ಲಕ್ಕೆ ಹೋಯಿತು, ಒಂದು ಕೈ ತಲೆಯ ಹಿಂದಕ್ಕೆ.

ಅಳಿಯಂದಿರ ತುಟಿ ಬೇಡ ಅಂದಿತು. ಸ್ವರ ಬರಲಿಲ್ಲ. ನಾನು ನಿಂತಿದ್ದ ಕಡೆಯಿಂದ ತುಟಿ ಕಾಣಿಸುತ್ತಿತ್ತು.

ನಾನು ತಟ್ಟೆ ಬಿಟ್ಟೆ. ಬಜ್ಜಿಯೆಲ್ಲ ಚೆಲ್ಲಿತು. ಮುರಳಿಯ ಜುಟ್ಟು ಹಿಡಿದು ಹಿಂದಕ್ಕೆ ಎಳೆದೆ. ಬೇರೆ ಏನು ಹಿಡಿಯಬೇಕೋ ಗೊತ್ತಾಗಲಿಲ್ಲ, ಕೈಗೆ ಸಿಕ್ಕಿದ್ದು ಅದು. ಡಾಕ್ಟರಿಕೆ ನನಗೆ ತಿಳಿಯದು. ಅವರು ಬೇಡ ಅಂದರು, ನನಗೆ ಹೆದರಿಕೆಯಾಯಿತು, ಅಷ್ಟೇ.

“ಕೈ ತೆಗೆಯೋ” ಅಂದೆ. ತೆಗೆದ.

ಸವಿತಾ ಅಷ್ಟರಲ್ಲಿ ಒಳಗಿನಿಂದ ಬಂದಳು. ಕಿರುಚಲಿಲ್ಲ, ಅದು ನನ್ನ ಪುಣ್ಯ. ೯೧೧ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಆ ಕಡೆ ಒಬ್ಬ ಹೆಂಗಸು. ಅವಳು ಹೇಳಿದ್ದನ್ನು ಸವಿತಾ ಕನ್ನಡದಲ್ಲಿ ಹೇಳುತ್ತ ಹೋದಳು. ಎತ್ತಬೇಡಿ. ಹೊರಳಿಸಬೇಡಿ. ನೀರು ಕೊಡಬೇಡಿ. ಯಾರಾದರೂ ಒಬ್ಬರು ತಲೆಯ ಹಿಂದೆ ಕುಳಿತು ಎರಡೂ ಕಡೆಯಿಂದ ತಲೆ ಹಿಡಿಯಿರಿ. ನಮ್ಮವರು ಬಂದು ಬಿಡಿ ಅನ್ನುವವರೆಗೆ ತಲೆ ಕದಲಬಾರದು. ಹಿಡಿದವರು ಬದಲಾಗಬಾರದು.

ಮುರಳಿ ಎರಡೂ ಕೈ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ಸರಿದು ಕುಳಿತಿದ್ದ. ಸವಿತಾಳ ಕೈಯಲ್ಲಿ ಫೋನಿತ್ತು. ಉಳಿದವರು ಗೋಡೆಗೆ ಅಂಟಿಕೊಂಡಿದ್ದರು. ತಲೆಯ ಹತ್ತಿರ ಇದ್ದವಳು ನಾನೊಬ್ಬಳೇ.

ಕುಳಿತೆ. ಕಾಲು ಎರಡೂ ಕಡೆ ಚಾಚಿ, ಅಳಿಯಂದಿರ ತಲೆಯನ್ನು ನಡುವೆ ಬಿಟ್ಟುಕೊಂಡು, ಕಿವಿ ಮುಚ್ಚದ ಹಾಗೆ ಅಕ್ಕಪಕ್ಕ ಅಂಗೈ ಒತ್ತಿ ಹಿಡಿದೆ. ಕೈಯಲ್ಲಿ ಕಡಲೆಹಿಟ್ಟು ಮೆತ್ತಿತ್ತು, ಕೂದಲಿಗೆಲ್ಲ ಹತ್ತಿತು. ಸಂಕೋಚ ಆಯಿತು. ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಸ್ವಲ್ಪ ಹೊತ್ತು ಸರಿಯಿದ್ದರು. ಆಮೇಲೆ ಹೆದರಿಕೆ ಹತ್ತಿತು. ಕೈ ಎಲ್ಲಿದೆ, ನೋಡಬೇಕು ಅಂತ ತಲೆ ತಿರುಗಿಸಲು ಹೊರಟರು. ನನ್ನ ಅಂಗೈಯೊಳಗೆ ಕತ್ತಿನ ನರ ಬಿಗಿಯುವುದು ಗೊತ್ತಾಯಿತು. ಫೋನಿನ ಹೆಂಗಸು ಏನೋ ಜೋರಾಗಿ ಹೇಳಿದಳು. ಸವಿತಾ ತರ್ಜುಮೆ ಮಾಡುವ ತನಕ ಕಾಯಲಿಲ್ಲ ನಾನು.

“ಅಲ್ಲಾಡಬೇಡ ಕಣೋ. ಅಲ್ಲಾಡಿದ್ರೆ ಕೆನ್ನೆಗೆ ಬಿಡ್ತೀನಿ” ಅಂದೆ.

ಏಕವಚನ ಬಂದುಬಿಟ್ಟಿತ್ತು. ಸವಿತಾ ನನ್ನ ಮುಖ ನೋಡಿದಳು. ಅಳಿಯಂದಿರ ಕತ್ತು ಸಡಿಲವಾಯಿತು.

“ಅತ್ತೆ, ಕಾಲಿದೆಯಾ?” ಅಂದರು.

“ಇದೆ. ಎರಡೂ ಇದೆ. ಒಂದ್ರಲ್ಲಿ ಚಪ್ಪಲಿ ಇಲ್ಲ.”

ಸುಮ್ಮನೆ ಬಿಟ್ಟರೆ ಮತ್ತೆ ತಿರುಗುತ್ತಾರೆ ಅನಿಸಿತು. ಮಾತಾಡಿಸುತ್ತಿರಿ ಅಂತ ಫೋನಿನವಳೂ ಹೇಳಿದಳು. ನಾವಿಬ್ಬರು ಏನು ಮಾತಾಡುವುದು? ಊಟ ಆಯ್ತಾ, ಮಾತ್ರೆ ತಗೊಂಡ್ರಾ ಬಿಟ್ಟರೆ ನಮ್ಮಲ್ಲಿ ಮಾತೇ ಇರಲಿಲ್ಲ. ಪಕ್ಕದಲ್ಲಿ ಕಾರ್ಡುಗಳು ಚೆಲ್ಲಾಡಿ ಬಿದ್ದಿದ್ದವು. ಒಂದರಲ್ಲಿ ಕರಡಿ ಹಲ್ಲು ಕಿರಿದುಕೊಂಡು ನಿಂತಿದ್ದ.

ನೀನು ಯಾರ ಕಡೆ ಇದ್ದೆ, ಈ ಮೈತುಂಬ ಕೂದಲಿನವನ ಕಡೆಯೋ, ಹಳದಿ ಕೂದಲಿನವನ ಕಡೆಯೋ ಅಂತ ಕೇಳಿದೆ. ಅವರ ಕಣ್ಣು ಮೇಲಕ್ಕೆ, ನನ್ನ ಕಡೆ ಬಂತು. ನೀವು ಅದನ್ನೆಲ್ಲ ನೋಡಿದ್ದೀರಾ ಅಂತ ಕೇಳಿದರು. ಓನರ್ ಮನೆಯ ಹಜಾರದ ಕತೆ ಹೇಳಿದೆ. ಕರಡಿ, ಜೋಳದ ತೆನೆ ಅನ್ನುವ ಹೆಸರು ಹೇಳಿದೆ. ಅವರು ತೆನೆಯ ಕಡೆಯಂತೆ. ಕರಡಿಗೂ ತೆನೆಗೂ ನಡೆದ ಕೊನೆಯ ಕುಸ್ತಿಯಲ್ಲಿ ತೆನೆ ಚಾಂಪಿಯನ್ ಬೆಲ್ಟು ಕಳೆದುಕೊಂಡಾಗ ಮಂಡ್ಯದಲ್ಲಿ ಅಜ್ಜಿಯ ಮನೆಯಲ್ಲಿ ಊಟ ಬಿಟ್ಟು ಮಲಗಿದ್ದರಂತೆ. ರೆಫರಿ ಆ ಕಡೆ ತಿರುಗಿದ್ದಾಗ ಕರಡಿ ಕುರ್ಚಿಯಲ್ಲಿ ಹೊಡೆದದ್ದು ಮೋಸ ಅಂದರು.

“ಕುರ್ಚಿ ಅಲ್ಲೇ ಇತ್ತು, ಎತ್ಕೊಂಡ. ಅದ್ರಲ್ಲಿ ಮೋಸ ಏನು?”

“ಮೋಸಾನೇ ಅತ್ತೆ.”

“ಈಗಷ್ಟೇ ಎಲ್ಲಾ ನಾಟಕ ಅಂದೆ. ನಾಟಕ ಆದ್ಮೇಲೆ ಮೋಸ ಎಲ್ಲಿಂದ ಬಂತು? ಎರಡ್ರಲ್ಲಿ ಒಂದು ಹೇಳು.”

ಅವರಿಗೆ ನಗು ಬಂತು. ನಗಬೇಡ, ತಲೆ ಕದಲುತ್ತೆ ಅಂತ ಬೈದೆ. ಕಣ್ಣಿನಿಂದ ನೀರು ಇಳಿದು ನನ್ನ ಬೆರಳ ಸಂದಿಗೆ ಬಂತು. ಒರೆಸಲು ಕೈ ಬಿಡುವ ಹಾಗಿರಲಿಲ್ಲ.

ಹೊರಗೆ ಜಿಟಿಜಿಟಿ ಮಳೆ. ಗ್ಯಾರೇಜಿನ ದೊಡ್ಡ ಬಾಗಿಲು ತೆರೆದಿಟ್ಟಿದ್ದರಿಂದ ಚಳಿ ಒಳಗೆ ನುಗ್ಗುತ್ತಿತ್ತು. ನನ್ನ ಸೊಂಟ ಹಿಡಿದುಕೊಂಡಿತು, ಮೊಣಕೈ ಮರಗಟ್ಟಿತು. ಅವರ ಮಾತು ತುಂಡು ತುಂಡಾಗತೊಡಗಿತು. ಉಸಿರು ಎಳೆಯಲು ಆಗುತ್ತಿಲ್ಲ ಅತ್ತೆ ಅಂದರು. ಮಾತಾಡುತ್ತಿದ್ದೀಯ ಅಂದರೆ ಎಳೆಯುತ್ತಿದ್ದೀಯ, ಬಾಯಿ ಮುಚ್ಚಬೇಡ ಅಂದೆ. ಕುರ್ಚಿಯಲ್ಲಿ ಹೊಡೆದ ಮೇಲೆ ಏನಾಯಿತು ಹೇಳು ಅಂದೆ. ನನಗೆ ಗೊತ್ತಿತ್ತು. ಬೇಕೆಂದೇ ತಪ್ಪು ತಪ್ಪಾಗಿ ಹೇಳಿದೆ. ತೆನೆ ಅಳುತ್ತ ಹೋದ ಅಂದೆ. ಇಲ್ಲ, ಅವನು ಅಳಲಿಲ್ಲ ಅಂದರು. ಜನ ಕರಡಿಗೆ ಹಾರ ಹಾಕಿದರು ಅಂದೆ. ಅಲ್ಲಿ ಯಾರು ಹಾರ ಹಾಕ್ತಾರೆ ಅಂದರು. ಒಂದೊಂದು ತಪ್ಪು ತಿದ್ದಲೂ ಒಂದೊಂದು ಉಸಿರು ಎಳೆಯಬೇಕಿತ್ತು. ಎಳೆದರು.

ಸೈರನ್ ಕೇಳಿಸಿತು. ಇಲ್ಲಿ ಆಂಬುಲೆನ್ಸಿಗಿಂತ ಮೊದಲು ಬೆಂಕಿ ಆರಿಸುವವರ ಗಾಡಿ ಬರುತ್ತದೆ. ಹತ್ತಿರ ಬಂದ ಸದ್ದು ಹಾಗೇ ದೂರ ಹೋಯಿತು. ಹಿಂದಿನ ರಸ್ತೆಗೂ ನಮ್ಮ ರಸ್ತೆಗೂ ಹೆಚ್ಚುಕಡಿಮೆ ಒಂದೇ ನಂಬರು. ಮುರಳಿ ಎದ್ದು ಮಳೆಯಲ್ಲೇ ಓಡಿ, ಬೆನ್ನಿನ ಟವೆಲ್ಲು ಬಿಚ್ಚಿ ಬೀಸುತ್ತ ರಸ್ತೆಯ ಮಧ್ಯೆ ನಿಂತ. ಗಾಡಿ ತಿರುಗಿ ಬಂತು.

ಬಂದವರು ಇಳಿದು ಮೊದಲು ಹಿಡಿದದ್ದು ಅವನನ್ನು. ಮಳೆಗೆ ಓಕುಳಿ ನೆನೆದು ಮುಖ, ಕುತ್ತಿಗೆ, ಅಂಗಿಯೆಲ್ಲ ಕೆಂಪಾಗಿತ್ತು. ಇಬ್ಬರು ಸೇರಿ ಅವನನ್ನು ಅಲ್ಲೇ ಹುಲ್ಲಿನ ಮೇಲೆ ಕೂರಿಸಿ ಹಣೆಗೆ ಬಟ್ಟೆ ಒತ್ತಿದರು. ನಾನಲ್ಲ, ನಾನಲ್ಲ ಅಂತ ಅವನು ಕನ್ನಡದಲ್ಲೇ ಬಡಬಡಿಸುತ್ತಿದ್ದ. ಬಾಯಿಗೆ ಇಂಗ್ಲಿಷೇ ಬರಲಿಲ್ಲ ಅಂತ ಆಮೇಲೆ ಹೇಳಿದ. ನನಗೆ ಕುಳಿತಲ್ಲಿಂದಲೇ ಕಾಣುತ್ತಿತ್ತು. ಎದ್ದು ಹೋಗುವ ಹಾಗಿಲ್ಲ, ಕೂಗಿದರೆ ಮೈ ಅದುರಿ ಕೈಯೂ ಅದುರುತ್ತದೆ. ಜೀವನದಲ್ಲಿ ಅಷ್ಟು ಕೋಪ ಯಾವತ್ತೂ ಬಂದಿರಲಿಲ್ಲ, ಅಷ್ಟು ಮೆಲ್ಲಗೆ ಯಾವತ್ತೂ ಮಾತಾಡಿರಲಿಲ್ಲ. ಸವಿತಾ, ಹೋಗಿ ಅದು ಆರತಿ ನೀರು ಅಂತ ಹೇಳು ಅಂದೆ. ಅವಳು ಓಡಿದಳು.

ಆ ಸಣ್ಣ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ನಾವಿಬ್ಬರೇ ಇದ್ದ ಹಾಗಿತ್ತು. ಅಳಿಯಂದಿರು ಕಣ್ಣು ಮುಚ್ಚಿದ್ದರು.

“ಬಿಡಬೇಡಿ ಅತ್ತೆ” ಅಂದರು.

“ಬಿಡಲ್ಲ” ಅಂದೆ.

ಆಮೇಲೆ ಗಾಡಿಯವರು ಒಳಗೆ ಬಂದರು. ದೊಡ್ಡ ಮೈಯ ಬಿಳಿಯನೊಬ್ಬ ನನ್ನ ಪಕ್ಕ ಮಂಡಿಯೂರಿ, ನನ್ನ ಕೈಗಳ ಮೇಲೆ ತನ್ನ ಕೈ ಇಟ್ಟ. ಕತ್ತಿಗೆ ಪಟ್ಟಿ ಹಾಕಿ, ಹಲಗೆ ಜಾರಿಸಿ, ಬೆಲ್ಟು ಬಿಗಿದರು. ಬಿಡು ಅಂತ ಅವನು ಹೇಳಿದ, ಸವಿತಾಳೂ ಹೇಳಿದಳು. ನನಗೆ ಕೇಳಿಸಿತ್ತು. ಬೆರಳು ಬಿಚ್ಚಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ.

ಕತ್ತಿನ ಮೂಳೆಯೊಂದು ಬಿರುಕು ಬಿಟ್ಟು, ಒಳಗಿನ ನರ ಜಜ್ಜಿ ಊದಿಕೊಂಡಿತ್ತು. ಅವತ್ತೇ ಆಪರೇಷನ್ ಮಾಡಿದರು. ಕೈಕಾಲು ಬರುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ. ಮನೆಯಲ್ಲಿ ಮೊಮ್ಮಕ್ಕಳು ಕೇಳಿದರೆ ನಾನೂ ಗೊತ್ತಿಲ್ಲ ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವುದು ಹೇಗೆ? ಕೆಲವು ದಿನ ಕಳೆದ ಮೇಲೆ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ಕಾಲು, ಆಮೇಲೆ ಕೈ. ಎಡಗೈಯ ಎರಡು ಬೆರಳು ಇನ್ನೂ ಜೋಮು ಹಿಡಿದಂತೆಯೇ ಇವೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ನಡೆಯುತ್ತಾರೆ, ಕೆಲಸಕ್ಕೂ ಹೋಗುತ್ತಾರೆ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ನಾನು ಮೊದಲಿನ ಹಾಗೆ ಕಾಲ ಬುಡದಲ್ಲಿ ನಿಂತು, ಹೇಗಿದೀರಿ ಅಂದೆ.

“ಗ್ಯಾರೇಜಲ್ಲಿ ಏಕವಚನ ಇತ್ತಲ್ಲ ಅತ್ತೆ?” ಅಂದರು.

“ಆಗ ಪುರಸೊತ್ತು ಇರ್ಲಿಲ್ಲ” ಅಂದೆ.

ಮುರಳಿ ಬಹಳ ದಿನ ನನ್ನ ಮುಖ ನೋಡಲಿಲ್ಲ. ವ್ಯಾಯಾಮ ಮಾಡಿಸುವ ಕಡೆಗೆ ಅಳಿಯಂದಿರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವುದು ಅವನೇ ಮಾಡಿದ. ಬಾಗಿಲಲ್ಲೇ ನಿಲ್ಲುತ್ತಿದ್ದ. ಒಂದು ದಿನ ಒಳಗೆ ಬಾ, ಊಟ ಮಾಡು ಅಂದೆ. ಅಷ್ಟು ದೊಡ್ಡ ಆಳು, ತಟ್ಟೆಯ ಮುಂದೆ ಕುಳಿತು ಬಿಕ್ಕಿದ. ಸಾರು ತಣ್ಣಗಾಗುತ್ತೆ, ತಿನ್ನು ಅಂದೆ. ಬೇರೆ ಏನು ಹೇಳುವುದು? ಅವನು ಬೇಕೆಂದು ಮಾಡಿದ್ದಲ್ಲ, ಹಾಗಂತ ಆಗಿದ್ದು ಆಗದೇ ಇರುವುದಿಲ್ಲ.

ಕತ್ತಿಗೆ ಪಟ್ಟಿ ಇದ್ದಷ್ಟು ದಿನ ಅಳಿಯಂದಿರು ಮನೆಯಲ್ಲೇ ಇದ್ದರು. ಬೇಜಾರಿಗೆ ಹಳೆಯ ಕುಸ್ತಿಗಳನ್ನು ಹುಡುಕಿ ಟೀವಿಯಲ್ಲಿ ಹಾಕುತ್ತಿದ್ದರು. ನನ್ನನ್ನೂ ಕರೆಯುತ್ತಿದ್ದರು. ನಾನು ಸೋಫಾದ ಆ ತುದಿ, ಅವರು ಈ ತುದಿ. ಕುರ್ಚಿಯ ವಿಷಯಕ್ಕೆ ಈಗಲೂ ಜಗಳ ಇದೆ, ಅದು ಮುಗಿಯುವುದಿಲ್ಲ.

ಆದರೆ ನನಗೆ ಮೊದಲಿನಂತೆ ನೋಡಲು ಆಗುವುದಿಲ್ಲ. ಆ ಕಾಲದಲ್ಲಿ ಗಂಧದಕಡ್ಡಿ ಹೊಸೆಯುತ್ತ, ಕರಡಿ ಯಾರನ್ನಾದರೂ ಎತ್ತಿದರೆ, ಹಾಕು, ಕುಟ್ಟು ಅಂತ ವಠಾರವೆಲ್ಲ ಕೂಗುತ್ತಿದ್ದೆವು. ಈಗ ಅವನು ಎತ್ತಿದಾಗ ನನ್ನ ಕಣ್ಣು ಅವನ ಕೈಗೆ ಹೋಗುತ್ತದೆ. ಅಳಿಯಂದಿರಿಗೆ ಹೇಳಿ ಅದನ್ನೇ ನಿಧಾನವಾಗಿ, ಮತ್ತೆ ಮತ್ತೆ ಹಾಕಿಸಿ ನೋಡಿದ್ದೇನೆ. ಹಲ್ಲು ಕಚ್ಚಿ, ಗುಡುಗಿ, ತೆನೆಯನ್ನು ಕೊಂದೇಬಿಡುವವನ ಹಾಗೆ ನೆಲಕ್ಕೆ ಅಪ್ಪಳಿಸುತ್ತಾನೆ. ನೆಲ ಸಿಗುವ ಮುಂಚೆ ಅವನ ಒಂದು ಅಂಗೈ ಮೆಲ್ಲಗೆ ತೆನೆಯ ಕತ್ತಿನ ಹಿಂದಕ್ಕೆ ಹೋಗುತ್ತದೆ. ಪ್ರತಿ ಸಲವೂ ಹೋಗುತ್ತದೆ. ಅಷ್ಟು ವರ್ಷ ನೋಡಿದರೂ ಅದು ನಮಗೆ ಯಾರಿಗೂ ಕಂಡಿರಲಿಲ್ಲ. ಮುರಳಿಗೂ ಕಂಡಿರಲಿಲ್ಲ.